ಹಳೆಯ ಯೂಟ್ಯೂಬ್ ಚಾನೆಲ್ ಯಾರ ಹೆಸರಿನಲ್ಲಿದೆ?

ಊರಿನ ಹವ್ಯಾಸಿ ನಾಟಕ ತಂಡಕ್ಕೆ ಒಂದು ಯೂಟ್ಯೂಬ್ ಚಾನೆಲ್ ಇರುತ್ತದೆ. 2009ರಲ್ಲೋ 2010ರಲ್ಲೋ, ತಂಡದಲ್ಲಿ ಕಂಪ್ಯೂಟರ್ ಗೊತ್ತಿದ್ದ ಒಬ್ಬನೇ ಹುಡುಗ ಸೈಬರ್ ಸೆಂಟರಿನಲ್ಲಿ ಕೂತು ಅದನ್ನು ತೆರೆದಿರುತ್ತಾನೆ. ಈಗ ಆತ ಮದುವೆಯಾಗಿ, ಮಕ್ಕಳಾಗಿ, ಎಲ್ಲೋ ಡಲ್ಲಾಸಿನಲ್ಲಿದ್ದಾನೆ. ಹೊಸ ನಾಟಕದ ವಿಡಿಯೊ ಹಾಕೋಣವೆಂದರೆ ಲಾಗಿನ್ ಯಾರ ಬಳಿಯೂ ಇಲ್ಲ. ಹೊರದೇಶದ ಕನ್ನಡ ಕೂಟಗಳಲ್ಲೂ ಇದೇ ಪಾಡು. ಸಮಿತಿ ಬದಲಾದಾಗ ಬ್ಯಾನರು, ಲೆಕ್ಕದ ಪುಸ್ತಕ, ಮೈಕ್ ಸೆಟ್ಟು ಎಲ್ಲವೂ ಹೊಸಬರ ಕೈಗೆ ಬರುತ್ತವೆ. ಚಾನೆಲ್ ಮಾತ್ರ ಹಿಂದಿನ ಕಾರ್ಯದರ್ಶಿಯ ಜಿಮೇಲ್‌ನಲ್ಲೇ ಉಳಿದುಬಿಡುತ್ತದೆ.

ಹೀಗಾದಾಗ ಹೆಚ್ಚಿನವರು ಮಾಡುವುದು ಒಂದೇ: ಹೊಸ ಚಾನೆಲ್ ತೆರೆದು, ‘ಇನ್ನು ಮುಂದೆ ಇಲ್ಲಿಗೆ ಬನ್ನಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಸಾರುವುದು. ಅದು ಕೊನೆಯ ದಾರಿಯಾಗಬೇಕೇ ಹೊರತು ಮೊದಲನೆಯದಲ್ಲ. ಹತ್ತು ಹದಿನೈದು ವರ್ಷಗಳಲ್ಲಿ ಜನ ಅಲ್ಲಲ್ಲಿ ಹಂಚಿಕೊಂಡ ಲಿಂಕುಗಳು, ವಿಡಿಯೊ ಕೆಳಗೆ ಬರೆದ ಮಾತುಗಳು, ಸಬ್‌ಸ್ಕ್ರೈಬರ್‌ಗಳು ಎಲ್ಲವೂ ಹಳೆಯ ಚಾನೆಲ್ಲಿನಲ್ಲೇ ಇರುತ್ತವೆ. ಲಾಗಿನ್ ಕಳೆದುಹೋಗಿದೆ ಎಂದುಕೊಂಡ ಚಾನೆಲ್ ಎಷ್ಟೋ ಸಲ ನಿಮ್ಮದೇ ಇನ್ನೊಂದು ಖಾತೆಯ ಹಿಂದೆ ಕೂತಿರುತ್ತದೆ.

ಗೊಂದಲ ಹುಟ್ಟಿದ್ದು ಹೇಗೆ

2005ರಲ್ಲಿ ಶುರುವಾದ ಯೂಟ್ಯೂಬ್‌ಗೆ ಆಗ ತನ್ನದೇ ಯೂಸರ್‌ನೇಮ್, ತನ್ನದೇ ಪಾಸ್‌ವರ್ಡ್ ಇತ್ತು. ಯಾಹೂ ಮೇಲ್ ಇದ್ದರೂ ಸೈ, ರೆಡಿಫ್ ಮೇಲ್ ಇದ್ದರೂ ಸೈ. 2006ರಲ್ಲಿ ಗೂಗಲ್ ಈ ಕಂಪನಿಯನ್ನು 165 ಕೋಟಿ ಡಾಲರಿಗೆ ಕೊಂಡುಕೊಂಡಿತು. ಆಮೇಲೆ ನಿಧಾನವಾಗಿ ಲಾಗಿನ್ ಪದ್ಧತಿಯನ್ನು ತನ್ನದರೊಳಗೆ ಸೇರಿಸಿಕೊಂಡಿತು. 2011ರಲ್ಲಿ ಹಳೆಯ ಖಾತೆಗಳನ್ನೂ ಗೂಗಲ್ ಖಾತೆಗೆ ಜೋಡಿಸುವುದು ಕಡ್ಡಾಯವಾಯಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮುಂದೆ ಗೂಗಲ್ ಪ್ಲಸ್ ಎಂಬ ಸಾಮಾಜಿಕ ಜಾಲತಾಣ ಬಂತು. 2013ರ ನವೆಂಬರಿನಿಂದ ಯೂಟ್ಯೂಬಿನಲ್ಲಿ ಒಂದು ಕಾಮೆಂಟ್ ಬರೆಯಲಿಕ್ಕೂ ಗೂಗಲ್ ಪ್ಲಸ್ ಬೇಕಾಯಿತು. ಪರದೆ ಮೇಲೆ ಬಂದ ಪ್ರಶ್ನೆಗೆಲ್ಲ ಓದದೆ ‘ಓಕೆ’ ಒತ್ತಿದವರ ಚಾನೆಲ್ಲುಗಳು ಅವರಿಗೇ ಗೊತ್ತಿಲ್ಲದಂತೆ ಗೂಗಲ್ ಪ್ಲಸ್ ಪೇಜುಗಳಿಗೆ ಅಂಟಿಕೊಂಡವು. 2019ರ ಏಪ್ರಿಲ್ 2ರಂದು ಸಾಮಾನ್ಯ ಬಳಕೆದಾರರ ಗೂಗಲ್ ಪ್ಲಸ್ ಮುಚ್ಚಿತು. ಆ ಪೇಜುಗಳ ಹಿಂದಿದ್ದ ಖಾತೆಗಳು ಮಾತ್ರ ‘ಬ್ರ್ಯಾಂಡ್ ಅಕೌಂಟ್’ ಎಂಬ ಹೆಸರಿನಲ್ಲಿ ಉಳಿದುಕೊಂಡವು.

ಹಾಗಾಗಿ ಇವತ್ತು ಹಳೆಯ ಚಾನೆಲ್ ಒಂದು ಈ ಮೂರರಲ್ಲಿ ಒಂದಾಗಿರುತ್ತದೆ: ಗೂಗಲ್ ಖಾತೆಗೆ ಎಂದೂ ಜೋಡಿಸದೆ ಬಿಟ್ಟದ್ದು, ಒಬ್ಬರ ಸ್ವಂತ ಗೂಗಲ್ ಖಾತೆಗೆ ನೇರವಾಗಿ ಜೋಡಿಸಿದ್ದು, ಬ್ರ್ಯಾಂಡ್ ಅಕೌಂಟಿಗೆ ಸೇರಿದ್ದು. ಮೂರಕ್ಕೂ ದಾರಿ ಬೇರೆ. ಇದನ್ನು ತಿಳಿಯದೆ ವರ್ಗಾವಣೆಗೆ ಕೈಹಾಕುವುದು, ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡದೆ ಜಮೀನಿನ ಕ್ರಯಕ್ಕೆ ಹೊರಟ ಹಾಗೆ.

ನಿಮ್ಮದು ಯಾವ ಬಗೆ? ಪತ್ತೆ ಹೀಗೆ

1. ಚಾನೆಲ್ ಪುಟದ ವಿಳಾಸ ನೋಡಿ. ಹಳೆಯ ಕರಪತ್ರ, ಫೇಸ್‌ಬುಕ್ ಪೋಸ್ಟ್ ಅಥವಾ ಬ್ಲಾಗಿನಲ್ಲಿ ಅದು ಸಿಗುತ್ತದೆ. ವಿಳಾಸದ ನಡುವೆ ‘ಯೂಸರ್’ ಎಂಬ ಪದ ಇದ್ದರೆ ಚಾನೆಲ್ ಯೂಸರ್‌ನೇಮ್ ಕಾಲದ್ದು. ಈಗ ಎಲ್ಲರೂ ಬಳಸುವ ‘ಆ್ಯಟ್’ ಚಿಹ್ನೆಯ ಹ್ಯಾಂಡಲ್ ಬಂದದ್ದು 2022ರಲ್ಲಿ. ಯಾವ ಚಾನೆಲ್ಲಿಗೇ ಆದರೂ ಬದಲಾಗದ ಗುರುತು ಎಂದರೆ ‘ಯುಸಿ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ 24 ಅಕ್ಷರಗಳ ಚಾನೆಲ್ ಐಡಿ. ಹೆಸರು, ಹ್ಯಾಂಡಲ್ ಏನೇ ಬದಲಾದರೂ ಅದು ಅದೇ. ಮೊದಲು ಅದನ್ನು ಒಂದು ಕಡೆ ಬರೆದಿಡಿ.

2. ನಿಮ್ಮ ಬಳಿ ಇರುವ ಒಂದೊಂದೇ ಗೂಗಲ್ ಖಾತೆಯಿಂದ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ, ವಿಳಾಸ ಪಟ್ಟಿಯಲ್ಲಿ ಯೂಟ್ಯೂಬ್ ಡಾಟ್ ಕಾಮ್ ಸ್ಲ್ಯಾಶ್ ಚಾನೆಲ್ ಅಂಡರ್‌ಸ್ಕೋರ್ ಸ್ವಿಚರ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಆ ಖಾತೆಯಿಂದ ನೀವು ನಿಭಾಯಿಸಬಹುದಾದ ಚಾನೆಲ್ಲುಗಳೆಲ್ಲ ಅಲ್ಲಿ ಸಾಲಾಗಿ ಕಾಣುತ್ತವೆ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ‘ಜಿಮೇಲ್ ತೆರೆಯುತ್ತದೆ, ಚಾನೆಲ್ ಮಾತ್ರ ಖಾಲಿ’ ಎನ್ನುವವರ ಚಾನೆಲ್ ಸಾಮಾನ್ಯವಾಗಿ ಇಲ್ಲಿ, ಅವರ ಹೆಸರಿನ ಕೆಳಗೆ ಎರಡನೆಯದಾಗಿ ಕಾಣಿಸಿಕೊಳ್ಳುತ್ತದೆ.

3. ಲಾಗಿನ್ ಆದಮೇಲೆ ಯೂಟ್ಯೂಬಿನ ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಪುಟ ನೋಡಿ. ಅಲ್ಲಿ ಮ್ಯಾನೇಜರ್‌ಗಳನ್ನು ಸೇರಿಸುವ, ತೆಗೆಯುವ ಆಯ್ಕೆ ಇದ್ದರೆ ಅದು ಬ್ರ್ಯಾಂಡ್ ಅಕೌಂಟ್. ಇನ್ನೊಂದು ಸುಳಿವೂ ಇದೆ. ಎಲ್ಲಾದರೂ ನಿಮ್ಮ ಚಾನೆಲ್ಲಿನ ಮೇಲ್ ವಿಳಾಸ ‘ಪೇಜಸ್ ಡಾಟ್ ಪ್ಲಸ್‌ಗೂಗಲ್ ಡಾಟ್ ಕಾಮ್’ ಎಂದು ಕೊನೆಯಾಗುವ ಉದ್ದನೆಯ ವಿಚಿತ್ರ ಸಾಲಾಗಿ ಕಂಡರೆ ಗಾಬರಿ ಬೇಡ. ಅದು ಬ್ರ್ಯಾಂಡ್ ಅಕೌಂಟಿನ ಒಳಗುರುತು. ಅದಕ್ಕೆ ಪಾಸ್‌ವರ್ಡ್ ಇಲ್ಲ, ಅದರಿಂದ ಲಾಗಿನ್ ಆಗಲೂ ಬರುವುದಿಲ್ಲ. ಅದನ್ನು ನಿಭಾಯಿಸುವವರ ಸ್ವಂತ ಗೂಗಲ್ ಖಾತೆಯಿಂದಲೇ ಒಳಗೆ ಹೋಗಬೇಕು.

ಮೊದಲ ಬಗೆಯ, ಅಂದರೆ ಗೂಗಲ್ ಖಾತೆಗೆ ಎಂದೂ ಜೋಡಿಸದ ಚಾನೆಲ್ಲಿನ ಬಗ್ಗೆ ಕಹಿ ಸುದ್ದಿಯನ್ನು ಈಗಲೇ ಹೇಳಿಬಿಡುತ್ತೇನೆ. ಹಳೆಯ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಅಂಥ ಚಾನೆಲ್ಲನ್ನು ಹಕ್ಕು ಸಾಧಿಸಿ ಪಡೆಯುವ ಪುಟವೊಂದನ್ನು ಯೂಟ್ಯೂಬ್ ಬಹಳ ವರ್ಷ ಇಟ್ಟಿತ್ತು. ಈಗ ಆ ಸೌಲಭ್ಯ ನಿಂತಿದೆ. ಪಾಸ್‌ವರ್ಡ್ ಬರೆದಿಟ್ಟ ಡೈರಿ ಸಿಕ್ಕರೂ ಉಪಯೋಗವಿಲ್ಲ. ಮೂಲ ಕ್ಯಾಸೆಟ್ಟೋ ಡಿವಿಡಿಯೋ ನಿಮ್ಮಲ್ಲಿದ್ದರೆ ಹೊಸ ಚಾನೆಲ್ಲಿಗೆ ಮತ್ತೆ ಹಾಕಿ. ‘ನಮ್ಮ ವಿಡಿಯೊ, ನಮ್ಮ ಹಕ್ಕು’ ಎಂದು ಕಾಪಿರೈಟ್ ದೂರು ಕೊಡುವ ಯೋಚನೆ ಬಂದೀತು. ದೂರು ಗೆದ್ದರೆ ವಿಡಿಯೊ ತೆಗೆದುಹಾಕುತ್ತಾರೆಯೇ ಹೊರತು ಚಾನೆಲ್ಲನ್ನು ನಿಮಗೆ ಕೊಡುವುದಿಲ್ಲ. ಹಳೆಯ ಪ್ರತಿ ಅಲ್ಲೇ ಇರಲಿ ಬಿಡಿ, ನೋಡುವವರಾದರೂ ನೋಡುತ್ತಾರೆ.

ಮರೆತ ಲಾಗಿನ್ ಮರಳಿ ಪಡೆಯುವುದು

ಗೂಗಲ್‌ನ ರಿಕವರಿ ಪುಟ ಬರೀ ಪ್ರಶ್ನೋತ್ತರವಲ್ಲ. ಕೇಳುತ್ತಿರುವುದು ನೀವೇನಾ ಎಂದು ಅಳೆಯಲು ಅದು ಯಾವ ಕಂಪ್ಯೂಟರ್, ಯಾವ ಬ್ರೌಸರ್, ಯಾವ ಜಾಗ ಎಂಬುದನ್ನೂ ಗಮನಿಸುತ್ತದೆ. ಆದ್ದರಿಂದಲೇ ಎಲ್ಲಿ, ಯಾವ ಸಾಧನದಿಂದ ಪ್ರಯತ್ನಿಸುತ್ತೀರಿ ಎನ್ನುವುದು ಏನು ಉತ್ತರ ಕೊಡುತ್ತೀರಿ ಎನ್ನುವಷ್ಟೇ ಮುಖ್ಯ.

1. ಖಾತೆ ತೆರೆದವರು ಯಾರೋ ಅವರೇ, ಹಿಂದೆ ಅದನ್ನು ಬಳಸಿದ ಸಾಧನದಿಂದ, ಸಾಮಾನ್ಯವಾಗಿ ಲಾಗಿನ್ ಆಗುತ್ತಿದ್ದ ಮನೆ ಅಥವಾ ಕಚೇರಿಯಿಂದ ಪ್ರಯತ್ನಿಸಲಿ. ಮೈಸೂರಿನ ಖಾತೆಗೆ ಮಸ್ಕತ್‌ನ ಹೋಟೆಲ್ ವೈಫೈನಿಂದ ಪ್ರಯತ್ನಿಸಿದರೆ ಸಿಗಬೇಕಾದದ್ದೂ ಸಿಗದೇ ಹೋಗಬಹುದು. ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಲ್ಯಾಪ್‌ಟಾಪ್ ಇನ್ನೂ ಜೀವ ಹಿಡಿದಿದ್ದರೆ ಅದನ್ನೇ ತೆಗೆಯಿರಿ. ಅದರ ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿದಿದ್ದರೂ ಇರಬಹುದು.

2. ಜಿ ಡಾಟ್ ಸಿಒ ಸ್ಲ್ಯಾಶ್ ರಿಕವರ್ ಎಂಬ ವಿಳಾಸಕ್ಕೆ ಹೋಗಿ. ಕೊನೆಯದಾಗಿ ನೆನಪಿರುವ ಪಾಸ್‌ವರ್ಡ್ ಕೇಳಿದರೆ ಹಳೆಯದಾದರೂ ಪರವಾಗಿಲ್ಲ, ಬರೆಯಿರಿ. ‘ಗೊತ್ತಿಲ್ಲ’ ಎನ್ನುವುದಕ್ಕಿಂತ ಹತ್ತಿರದ ಊಹೆ ಮೇಲು.

3. ಬಹಳ ಮಂದಿ ಯಾಹೂ, ರೆಡಿಫ್, ಹಾಟ್‌ಮೇಲ್ ವಿಳಾಸದಿಂದಲೇ ಗೂಗಲ್ ಖಾತೆ ತೆರೆದಿದ್ದರು. ಅಂಥ ಕಡೆ ಮೊದಲು ಆ ಮೇಲ್ ಪೆಟ್ಟಿಗೆಯನ್ನು ಜೀವಂತ ಮಾಡಿಕೊಳ್ಳಬೇಕು, ಯಾಕೆಂದರೆ ಗೂಗಲ್‌ನ ಕೋಡ್ ಬರುವುದು ಅಲ್ಲಿಗೇ. 12 ತಿಂಗಳು ತೆರೆಯದ ಪೆಟ್ಟಿಗೆಯನ್ನು ಯಾಹೂ ನಿಷ್ಕ್ರಿಯವೆಂದು ಎಣಿಸುತ್ತದೆ. 2013ರಲ್ಲಂತೂ ಬಳಸದೆ ಬಿಟ್ಟ ಐಡಿಗಳನ್ನು ಅದು ಬೇರೆಯವರಿಗೇ ಕೊಡತೊಡಗಿತ್ತು.

4. ಕೈಯಲ್ಲಿರುವ ಎಲ್ಲ ಮೇಲ್ ಪೆಟ್ಟಿಗೆಗಳಲ್ಲೂ ‘ಯೂಟ್ಯೂಬ್’ ಎಂದು ಇಂಗ್ಲಿಷಿನಲ್ಲಿ ಹುಡುಕಿ, ಅತಿ ಹಳೆಯ ಪತ್ರಗಳನ್ನು ನೋಡಿ. ‘ನಿಮ್ಮ ವಿಡಿಯೊಗೆ ಕಾಮೆಂಟ್ ಬಂದಿದೆ’ ಎಂಬ ಒಂದು ಪತ್ರ ಸಿಕ್ಕರೂ ಸಾಕು, ಚಾನೆಲ್ ಯಾವ ಮೇಲ್‌ಗೆ ಸೇರಿದ್ದೆಂದು ತಿಳಿಯುತ್ತದೆ.

5. ಆಗಲಿಲ್ಲವೆಂದು ಒಂದೇ ದಿನ ಹತ್ತಾರು ಸಲ ಒತ್ತುತ್ತಾ ಹೋಗಬೇಡಿ. ತಪ್ಪು ಪ್ರಯತ್ನಗಳ ಸಾಲು ಕಳ್ಳನ ಕೈಚಳಕದಂತೆಯೇ ಕಾಣುತ್ತದೆ. ಕೆಲವು ದಿನ ಬಿಟ್ಟು, ನೆನಪಿಗೆ ಹೊಸದೇನಾದರೂ ಬಂದಾಗ ಮತ್ತೆ ನೋಡಿ.

ಎರಡು ವರ್ಷ ಬಳಸದ ಗೂಗಲ್ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಮೇ ತಿಂಗಳಲ್ಲಿ ಪ್ರಕಟಿಸಿತು; ಅಳಿಸುವಿಕೆ ಆ ವರ್ಷದ ಡಿಸೆಂಬರಿನಿಂದ ಎಂದಿತು. ಯೂಟ್ಯೂಬ್ ವಿಡಿಯೊ ಇರುವ ಖಾತೆಗಳನ್ನು ಸದ್ಯಕ್ಕೆ ಅಳಿಸುವ ಯೋಜನೆ ಇಲ್ಲವೆಂದೂ ಆಗ ಹೇಳಿತ್ತು. ‘ಸದ್ಯಕ್ಕೆ’ ಎಂಬ ಮಾತಿನ ಮೇಲೆ ಮಲಗುವುದು ಬೇಡ. ವರ್ಷಕ್ಕೆ ಒಂದೆರಡು ಸಲ ಲಾಗಿನ್ ಆಗಿ ಬನ್ನಿ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಎಂದಾದರೂ ಇಟ್ಟುಕೊಳ್ಳಿ.

ವರ್ಗಾವಣೆಯೇ ಬೇಕೇ?

ಒಳಗೆ ಹೋದಿರಿ ಎಂದುಕೊಳ್ಳೋಣ. ಈಗ ‘ಹೊಸಬರ ಹೆಸರಿಗೆ ಮಾಡಿಬಿಡಿ’ ಎಂಬ ಅವಸರ ಶುರುವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬಹುಪಾಲು ಸಂಘಗಳಿಗೆ, ಕುಟುಂಬಗಳಿಗೆ ವರ್ಗಾವಣೆ ಬೇಕಿಲ್ಲ, ಅನುಮತಿ ಸಾಕು. ಯೂಟ್ಯೂಬ್ ಸ್ಟುಡಿಯೋ ತೆರೆದು ಸೆಟ್ಟಿಂಗ್ಸ್, ಅದರಲ್ಲಿ ಪರ್ಮಿಶನ್ಸ್ ಎಂಬಲ್ಲಿಗೆ ಹೋಗಿ ಬೇರೆಯವರ ಮೇಲ್ ವಿಳಾಸ ಸೇರಿಸಿದರೆ ಅವರು ತಮ್ಮ ಸ್ವಂತ ಲಾಗಿನ್‌ನಿಂದಲೇ ನಿಮ್ಮ ಚಾನೆಲ್ಲಿನಲ್ಲಿ ಕೆಲಸ ಮಾಡಬಹುದು. ಪಾಸ್‌ವರ್ಡ್ ಹೇಳಬೇಕಾಗಿಲ್ಲ, ಒಟಿಪಿಗಾಗಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಬೇಕಾಗಿಲ್ಲ.

ಇಲ್ಲಿ ಹಲವು ದರ್ಜೆಗಳಿವೆ. ಮ್ಯಾನೇಜರ್ ಆದವರು ಬೇರೆಯವರನ್ನು ಸೇರಿಸಬಹುದು, ತೆಗೆಯಬಹುದು. ಆದರೆ ಚಾನೆಲ್ಲನ್ನೇ ಅಳಿಸಲಾರರು. ಎಡಿಟರ್ ವಿಡಿಯೊ ಹಾಕಬಹುದು, ತಿದ್ದಬಹುದು, ಪ್ರಕಟವಾದದ್ದನ್ನು ಅಳಿಸಲಾರರು. ಎಡಿಟರ್ ಲಿಮಿಟೆಡ್ ಎಂಬುದೂ ಅಷ್ಟೇ, ಆದಾಯದ ಲೆಕ್ಕ ಮಾತ್ರ ಅವರಿಗೆ ಕಾಣದು. ಸಬ್‌ಟೈಟಲ್ ಹಾಕುವವರಿಗೇ ಒಂದು ಪ್ರತ್ಯೇಕ ದರ್ಜೆ ಇದೆ. ಸುಮ್ಮನೆ ನೋಡುವವರಿಗೆ ವ್ಯೂಯರ್. ವಿಡಿಯೊ ಎಡಿಟ್ ಮಾಡಿಕೊಡುವ ಹುಡುಗರಿಗೆ ಎಡಿಟರ್ ಲಿಮಿಟೆಡ್ ಕೊಟ್ಟರೆ ಸಾಕು. ಪೂರ್ತಿಯಾಗಿ ನಂಬುವ ಇಬ್ಬರಿಗೆ ಮಾತ್ರ ಮ್ಯಾನೇಜರ್.

ಈ ದಾರಿಯ ಮಿತಿ ಒಂದೇ: ಮಾಲೀಕರು ಮಾತ್ರ ಮೊದಲಿನವರೇ. ಅವರ ಖಾತೆಗೆ ಏನಾದರೂ ಆದರೆ ಚಾನೆಲ್ಲಿಗೂ ಆಗುತ್ತದೆ. ಮಾಲೀಕರು ಸಂಘದಿಂದ ಪೂರ್ತಿ ದೂರವಾಗುತ್ತಿದ್ದರೆ, ವಯಸ್ಸಾಗಿದ್ದರೆ, ಅಥವಾ ಚಾನೆಲ್ ಕಾಲೇಜಿನ, ಕಂಪನಿಯ ಮೇಲ್ ಐಡಿಯಲ್ಲಿದ್ದರೆ ವರ್ಗಾವಣೆ ಮಾಡಲೇಬೇಕು. ಕಡೆಯದನ್ನು ಒತ್ತಿ ಹೇಳುತ್ತೇನೆ. ಎಂಜಿನಿಯರಿಂಗ್ ಕಾಲೇಜಿನ ಉತ್ಸವದ ಚಾನೆಲ್ಲನ್ನು ಕಾಲೇಜು ಕೊಟ್ಟ ಐಡಿಯಲ್ಲಿ ತೆರೆದು, ಓದು ಮುಗಿದ ಮೇಲೆ ಆ ಐಡಿ ರದ್ದಾಯಿತೆಂದರೆ, ಅಡ್ಮಿನ್ ಆದವರು ಅಳಿಸಿದ ಖಾತೆಯನ್ನು ಮರಳಿಸಲು ಇರುವ ಅವಧಿ 20 ದಿನ ಅಷ್ಟೇ. ಫಲಿತಾಂಶ ಬರುವುದರೊಳಗೆ ಅದು ಮುಗಿದಿರುತ್ತದೆ.

ಬ್ರ್ಯಾಂಡ್ ಅಕೌಂಟ್ ಆಗಿದ್ದರೆ

ಇದು ಸುಲಭದ ದಾರಿ. ಬ್ರ್ಯಾಂಡ್ ಅಕೌಂಟಿಗೆ ಹಲವು ಓನರ್‌ಗಳು ಇರಬಹುದು, ಅವರಲ್ಲಿ ಒಬ್ಬರು ಪ್ರೈಮರಿ ಓನರ್. ವರ್ಗಾವಣೆ ಎಂದರೆ ಆ ಪ್ರೈಮರಿ ಸ್ಥಾನವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು, ಅಷ್ಟೇ. ವಿಡಿಯೊ ಅಲುಗುವುದಿಲ್ಲ, ಲಿಂಕ್ ಬದಲಾಗುವುದಿಲ್ಲ.

1. ಈಗಿನ ಪ್ರೈಮರಿ ಓನರ್ ತಮ್ಮ ಗೂಗಲ್ ಖಾತೆಯಲ್ಲಿ ಬ್ರ್ಯಾಂಡ್ ಅಕೌಂಟುಗಳ ಪುಟ ತೆರೆದು, ಆ ಚಾನೆಲ್ಲಿನ ಹೆಸರು ಆರಿಸಿ, ಮ್ಯಾನೇಜ್ ಪರ್ಮಿಶನ್ಸ್ ಒತ್ತಲಿ.

2. ಹೊಸಬರ ಮೇಲ್ ವಿಳಾಸ ಹಾಕಿ ‘ಓನರ್’ ಎಂಬ ದರ್ಜೆ ಆರಿಸಿ ಆಹ್ವಾನ ಕಳಿಸಲಿ. ಹೊಸಬರು ಮೇಲ್‌ನಲ್ಲಿ ಬಂದ ಆಹ್ವಾನವನ್ನು ಒಪ್ಪಿಕೊಳ್ಳಬೇಕು. ಒಪ್ಪದೆ ಬಿಟ್ಟರೆ ಮುಂದಿನದೇನೂ ನಡೆಯುವುದಿಲ್ಲ. ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಲು ಹೇಳಿ.

3. ಏಳು ದಿನ ಕಾಯಿರಿ. ಏಳು ದಿನವಾದರೂ ಓನರ್ ಅಥವಾ ಮ್ಯಾನೇಜರ್ ಆಗಿದ್ದವರನ್ನು ಮಾತ್ರ ಪ್ರೈಮರಿ ಮಾಡಬಹುದು. ಒಂದು ರಾತ್ರಿಯಲ್ಲಿ ಖಾತೆಗೆ ನುಗ್ಗಿದವನು ಬೆಳಗಾಗುವುದರೊಳಗೆ ಚಾನೆಲ್ ಲಪಟಾಯಿಸಲು ಇದರಿಂದ ಆಗದು. ಸಂಘದ ವಾರ್ಷಿಕ ಸಭೆಯ ದಿನವೇ ಎಲ್ಲ ಮುಗಿಸುತ್ತೇವೆ ಎಂದು ಹೊರಡುವವರು ಈ ವಾರವನ್ನು ಲೆಕ್ಕದಲ್ಲಿಟ್ಟುಕೊಳ್ಳಲಿ.

4. ಏಳು ದಿನದ ನಂತರ ಅದೇ ಪುಟದಲ್ಲಿ ಹೊಸಬರ ಹೆಸರಿನ ಮುಂದೆ ‘ಪ್ರೈಮರಿ ಓನರ್’ ಆರಿಸಿ, ಖಚಿತಪಡಿಸಿ.

ಮ್ಯಾನೇಜ್ ಪರ್ಮಿಶನ್ಸ್ ಪುಟದಲ್ಲಿ ಜನರ ಪಟ್ಟಿ ಸಿಗದಿದ್ದರೆ, ಚಾನೆಲ್ಲಿನ ಅನುಮತಿಗಳನ್ನು ಯಾರೋ ಮೊದಲೇ ಸ್ಟುಡಿಯೋಗೆ ಸಾಗಿಸಿದ್ದಾರೆ ಎಂದರ್ಥ. ಪ್ರೈಮರಿ ಓನರ್ ಸ್ಟುಡಿಯೋದ ಪರ್ಮಿಶನ್ಸ್ ಪುಟದಿಂದ ಅದನ್ನು ಹಿಂದಕ್ಕೆ ಪಡೆದು, ಮೇಲಿನ ಹೆಜ್ಜೆಗಳನ್ನು ಅನುಸರಿಸಬೇಕು.

ಸ್ವಂತ ಖಾತೆಗೇ ಅಂಟಿದ್ದರೆ

ಇದು ಎಚ್ಚರಿಕೆಯ ಕೆಲಸ. ಒಬ್ಬರ ಸ್ವಂತ ಗೂಗಲ್ ಖಾತೆಗೆ ನೇರವಾಗಿ ಸೇರಿದ ಚಾನೆಲ್ಲನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಡಲು ಗುಂಡಿ ಇಲ್ಲ. ಚಾನೆಲ್ಲಿನ ಹಿಂದೆ ಆ ವ್ಯಕ್ತಿಯ ಜಿಮೇಲ್, ಫೋಟೊ, ಡ್ರೈವ್ ಎಲ್ಲವೂ ಒಂದೇ ಗಂಟಿನಲ್ಲಿವೆ. ಆ ಗಂಟಿನಿಂದ ಚಾನೆಲ್ಲನ್ನು ಬಿಡಿಸಿ ಮೊದಲು ಬ್ರ್ಯಾಂಡ್ ಅಕೌಂಟಿಗೆ ಸಾಗಿಸಬೇಕು, ಆಮೇಲೆ ಮೇಲೆ ಹೇಳಿದ ಕ್ರಮ.

1. ಮೊದಲು ನಕಲು. ಗೂಗಲ್ ಟೇಕ್‌ಔಟ್ ಪುಟದಲ್ಲಿ ಯೂಟ್ಯೂಬ್ ಒಂದನ್ನೇ ಆರಿಸಿ ಎಲ್ಲ ವಿಡಿಯೊಗಳನ್ನೂ ಇಳಿಸಿಕೊಳ್ಳಿ. ಒಂದೊಂದು ಕಡತ ಗರಿಷ್ಠ 50 ಜಿಬಿ ಇರುವಂತೆ ಹೋಳು ಮಾಡಿ ಕೊಡುತ್ತದೆ. ಡೌನ್‌ಲೋಡ್ ಲಿಂಕ್ ಬಂದಮೇಲೆ ಒಂದು ವಾರದೊಳಗೆ ಇಳಿಸಿಕೊಳ್ಳಬೇಕು. ಸ್ಟುಡಿಯೋದಿಂದ ಒಂದೊಂದೇ ವಿಡಿಯೊ ಇಳಿಸುವವರಿಗೆ 720ಪಿ ಅಥವಾ 360ಪಿ ಗುಣಮಟ್ಟ ಮಾತ್ರ ಸಿಗುತ್ತದೆ, ಆದ್ದರಿಂದ ಟೇಕ್‌ಔಟ್ ಮೇಲು.

2. ಅದೇ ಗೂಗಲ್ ಖಾತೆಯಿಂದ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಡ್ ಆರ್ ಮ್ಯಾನೇಜ್ ಯುವರ್ ಚಾನೆಲ್ಸ್’ ಎಂಬಲ್ಲಿ ಒಂದು ಹೊಸ ಚಾನೆಲ್ ತೆರೆಯಿರಿ. ಅದು ತಾನಾಗಿ ಬ್ರ್ಯಾಂಡ್ ಅಕೌಂಟ್ ಆಗುತ್ತದೆ. ಅದರೊಳಗೆ ಏನನ್ನೂ ಹಾಕಬೇಡಿ, ಖಾಲಿಯೇ ಇರಲಿ.

3. ಹಳೆಯ ಚಾನೆಲ್ಲಿಗೆ ಮರಳಿ, ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ‘ಮೂವ್ ಚಾನೆಲ್ ಟು ಬ್ರ್ಯಾಂಡ್ ಅಕೌಂಟ್’ ಆರಿಸಿ. ಪಾಸ್‌ವರ್ಡ್ ಇನ್ನೊಮ್ಮೆ ಕೇಳುತ್ತದೆ.

4. ಪಟ್ಟಿಯಲ್ಲಿ ಆ ಖಾಲಿ ಚಾನೆಲ್ ಆರಿಸಿ. ಈಗ ‘ಈ ಚಾನೆಲ್ ಅಳಿದುಹೋಗುತ್ತದೆ’ ಎಂಬ ಎಚ್ಚರಿಕೆ ಬರುತ್ತದೆ. ಇಲ್ಲಿ ನಿಂತು ಎರಡು ಸಲ ಓದಿ. ಅಳಿಯುವುದು ಗುರಿಯ ಚಾನೆಲ್, ಅಂದರೆ ನೀವು ಯಾವುದಕ್ಕೆ ಸಾಗಿಸುತ್ತಿದ್ದೀರೋ ಅದು. ಅದರಲ್ಲಿ ವಿಡಿಯೊ, ಕಾಮೆಂಟ್, ಪ್ಲೇಲಿಸ್ಟ್ ಏನೇ ಇದ್ದರೂ ಶಾಶ್ವತವಾಗಿ ಹೋಗುತ್ತದೆ.

‘ಹಳೆಯ ಚಾನೆಲ್, ಹೊಸ ಚಾನೆಲ್ ಎರಡನ್ನೂ ಸೇರಿಸಿ ಒಂದು ಮಾಡೋಣ’ ಎಂದು ಹೊರಟವರು ಎಡವುವುದು ಇಲ್ಲೇ. ಯೂಟ್ಯೂಬಿನಲ್ಲಿ ಎರಡು ಚಾನೆಲ್ಲುಗಳ ವಿಡಿಯೊಗಳನ್ನು, ಸಬ್‌ಸ್ಕ್ರೈಬರ್‌ಗಳನ್ನು ಒಟ್ಟುಗೂಡಿಸುವ ವ್ಯವಸ್ಥೆ ಇಲ್ಲ. ‘ಮೂವ್’ ಎಂದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು. ಎರಡರಲ್ಲೂ ಸರಕಿದ್ದರೆ ಎರಡನ್ನೂ ಹಾಗೆಯೇ ಬಿಟ್ಟು, ಒಂದರ ವಿವರಣೆಯಲ್ಲಿ ಇನ್ನೊಂದರ ಲಿಂಕ್ ಕೊಡುವುದೇ ಕ್ಷೇಮ.

ಆದಾಯ ಬರುವ ಚಾನೆಲ್ ಆದರೆ ಇನ್ನೊಂದು ಮಾತು. ಜಾಹೀರಾತಿನ ಹಣ ಬರುವ ಆ್ಯಡ್‌ಸೆನ್ಸ್ ಖಾತೆ ಚಾನೆಲ್ಲಿನ ಬೆನ್ನಿಗೆ ಹೊಸಬರ ಹೆಸರಿಗೆ ಬರುವುದಿಲ್ಲ. ಹೊಸಬರು ತಮ್ಮ, ಅಥವಾ ಸಂಘದ, ಆ್ಯಡ್‌ಸೆನ್ಸ್ ಖಾತೆಯನ್ನು ಜೋಡಿಸಬೇಕು. 32 ದಿನಕ್ಕೆ ಒಂದೇ ಸಲ ಇದನ್ನು ಬದಲಿಸಬಹುದು. ಆದ್ದರಿಂದ ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿ ಎಂಬ ಜಗಳವನ್ನು ಮೊದಲು ಮುಗಿಸಿಕೊಂಡು ಬನ್ನಿ.

ಪದೇ ಪದೇ ಆಗುವ ತಪ್ಪುಗಳು

ಹಳೆಯ ಜಿಮೇಲ್ ಬೇಡವೆಂದು ಗೂಗಲ್ ಖಾತೆಯನ್ನೇ ಅಳಿಸುವುದು. ಜಿಮೇಲ್ ಹೋಗುವಾಗ ಒಂಟಿಯಾಗಿ ಹೋಗದು. ಖಾತೆಗೆ ಸೇರಿದ ಚಾನೆಲ್ಲೂ ಜೊತೆಗೇ ಹೋಗುತ್ತದೆ.

ಸಿಮ್ ಬಿಡುವುದು. ವಿದೇಶಕ್ಕೆ ಹೋದವರು ರೀಚಾರ್ಜ್ ಮಾಡದೆ ಬಿಟ್ಟ ನಂಬರು ಶಾಶ್ವತವಾಗಿ ನಿಮ್ಮದಲ್ಲ. ಭಾರತದಲ್ಲಿ ರದ್ದಾದ ನಂಬರನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ನಿಮ್ಮ ಒಟಿಪಿ ಆಗ ಯಾರದೋ ಜೇಬಿಗೆ ಹೋಗುತ್ತದೆ. ವಿಮಾನ ಹತ್ತುವ ಮೊದಲೇ ರಿಕವರಿ ಫೋನ್, ರಿಕವರಿ ಮೇಲ್ ಬದಲಿಸಿ. ಬದಲಿಸಿದ ಮೇಲೂ ಕೆಲವು ದಿನ ಹಳೆಯ ನಂಬರಿಗೇ ಕೋಡ್ ಕಳಿಸುವ ಆಯ್ಕೆಯನ್ನು ಗೂಗಲ್ ಕೊಡಬಹುದು, ಹಾಗಾಗಿ ಕೊನೆಯ ದಿನದವರೆಗೆ ತಳ್ಳಬೇಡಿ.

ಬ್ಯಾಕಪ್ ಕೋಡ್ ತೆಗೆದಿಡದಿರುವುದು. ಟೂ ಸ್ಟೆಪ್ ವೆರಿಫಿಕೇಶನ್ ಹಾಕಿದಾಗ ಗೂಗಲ್ ಎಂಟೆಂಟು ಅಂಕಿಗಳ ಹತ್ತು ಕೋಡುಗಳನ್ನು ಕೊಡುತ್ತದೆ. ಒಂದೊಂದು ಒಮ್ಮೆ ಮಾತ್ರ ನಡೆಯುತ್ತದೆ. ಫೋನ್ ಕೈಕೊಟ್ಟ ದಿನ ಇವೇ ಗತಿ. ಕಾಗದದ ಮೇಲೆ ಮುದ್ರಿಸಿ ಸಂಘದ ರಿಜಿಸ್ಟರ್ ಜೊತೆ ಬೀರುವಿನಲ್ಲಿಡಿ. ಫೋನಿನ ಗ್ಯಾಲರಿಯಲ್ಲಿ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಫೋನೇ ಕಳೆದುಹೋದರೆ?

ಪಾಸ್‌ವರ್ಡನ್ನು ಸಮಿತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು. ಒಂದೇ ಖಾತೆಗೆ ಧಾರವಾಡ, ದುಬೈ, ಡೆಟ್ರಾಯಿಟ್‌ನಿಂದ ಒಂದೇ ದಿನ ಲಾಗಿನ್ ಆದರೆ ಗೂಗಲ್ ಅನುಮಾನಪಟ್ಟು ಬಾಗಿಲು ಹಾಕುತ್ತದೆ. ಅದು ತಪ್ಪೆನ್ನಲೂ ಆಗದು.

‘ಸ್ಪಾನ್ಸರ್ ಮಾಡುತ್ತೇವೆ, ಈ ಫೈಲ್ ತೆರೆದು ನೋಡಿ’ ಎಂಬ ಮೇಲ್ ನಂಬುವುದು. ಇಂಥ ಕಡತದೊಳಗಿನ ಕುತಂತ್ರಾಂಶ ನಿಮ್ಮ ಬ್ರೌಸರಿನ ಕುಕಿಯನ್ನು ಕದಿಯುತ್ತದೆ. ಆಗಲೇ ಲಾಗಿನ್ ಆಗಿರುವ ಗುರುತೇ ಅದಾದ್ದರಿಂದ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಹಳೆಯ, ಸಬ್‌ಸ್ಕ್ರೈಬರ್‌ಗಳಿರುವ, ಯಾರೂ ಗಮನಿಸದ ಚಾನೆಲ್ ಎಂದರೆ ಇವರಿಗೆ ಬಲು ಇಷ್ಟ.

ಹಣ ಕೊಟ್ಟರೆ ಚಾನೆಲ್ ಬಿಡಿಸಿಕೊಡುತ್ತೇವೆ ಎನ್ನುವ ಏಜೆಂಟರ ಮೊರೆಹೋಗುವುದು. ಗೂಗಲ್‌ನ ರಿಕವರಿಗೆ ಶುಲ್ಕವಿಲ್ಲ, ಒಳದಾರಿಯೂ ಇಲ್ಲ. ಅವರು ಕೇಳುವುದು ನಿಮ್ಮ ಒಟಿಪಿಯನ್ನು. ಹಣ ಕಳೆದುಕೊಂಡಿದ್ದರೆ ತಡಮಾಡದೆ ಭಾರತದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಎಲ್ಲವನ್ನೂ ಒಂದೇ ದಿನ ಬದಲಿಸುವುದು. ಹೆಸರು, ಪಾಸ್‌ವರ್ಡ್, ಫೋನ್, ಓನರ್ ಎಲ್ಲ ಒಟ್ಟಿಗೆ ಬದಲಾದ ಖಾತೆ ಕದ್ದ ಖಾತೆಯಂತೆಯೇ ಕಾಣುತ್ತದೆ. ಒಂದಾದ ಮೇಲೆ ಒಂದು ಮಾಡಿ, ನಡುವೆ ಕೆಲವು ದಿನ ಬಿಡಿ.

ಖಾತೆದಾರರು ತೀರಿಕೊಂಡಿದ್ದರೆ

ಅಪ್ಪ ಹಾಡಿದ ಭಾವಗೀತೆಗಳು, ಅಜ್ಜಿಯ ಸೋಬಾನೆ ಪದಗಳು ಇರುವ ಚಾನೆಲ್ಲುಗಳ ಬಗ್ಗೆ ಮನೆಯವರು ಕೇಳುವ ಪ್ರಶ್ನೆ ಇದು. ಮೃತರ ಖಾತೆಯ ಬಗ್ಗೆ ಕುಟುಂಬದವರು ಕೋರಿಕೆ ಸಲ್ಲಿಸಲು ಗೂಗಲ್‌ನಲ್ಲಿ ಪ್ರತ್ಯೇಕ ಅರ್ಜಿ ಇದೆ. ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಬೇಕು. ಕನ್ನಡದಲ್ಲಷ್ಟೇ ಇರುವ ದಾಖಲೆಗೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿಟ್ಟುಕೊಳ್ಳಿ. ಖಾತೆಯನ್ನು ಮುಚ್ಚುವಂತೆಯೋ ಒಳಗಿನ ಸಾಮಗ್ರಿಯನ್ನು ಕೊಡುವಂತೆಯೋ ಕೇಳಬಹುದು. ಕೊಡುವುದು ಬಿಡುವುದು ಅವರ ಪರಿಶೀಲನೆಗೆ ಬಿಟ್ಟದ್ದು. ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡುವುದಿಲ್ಲ. ಅವಸರದಲ್ಲಿ ‘ಮುಚ್ಚಿ’ ಎಂದು ಕೇಳಿದರೆ ವಿಡಿಯೊಗಳೂ ಹೋಗುತ್ತವೆ. ಅರ್ಜಿಯಲ್ಲಿ ಆ ಆಯ್ಕೆಗೆ ಗುರುತು ಹಾಕುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ.

ಬದುಕಿದ್ದಾಗಲೇ ಮಾಡಬಹುದಾದ ಏರ್ಪಾಡು ಇದಕ್ಕಿಂತ ಎಷ್ಟೋ ಸರಳ. ಗೂಗಲ್ ಖಾತೆಯಲ್ಲಿ ‘ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬುದಿದೆ. 3, 6, 12 ಅಥವಾ 18 ತಿಂಗಳು ಖಾತೆ ಅಲುಗದಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ಅಲ್ಲಿ ಬರೆದಿಡಬಹುದು. ಹತ್ತು ಜನರವರೆಗೆ ಹೆಸರಿಸಬಹುದು. ಅವರಿಗೆ ಸಿಗುವುದು ಸಾಮಗ್ರಿಯ ಪ್ರತಿ, ಚಾನೆಲ್ಲಿನ ಒಡೆತನವಲ್ಲ. ಒಡೆತನವೂ ಬೇಕಿದ್ದರೆ ಬ್ರ್ಯಾಂಡ್ ಅಕೌಂಟ್ ಮಾಡಿ ಮಗಳನ್ನೋ ಮೊಮ್ಮಗನನ್ನೋ ಈಗಲೇ ಓನರ್ ಮಾಡಿ.

ಚಾನೆಲ್ ಕೈಗೆ ಬಂದ ಮೇಲೆ

2006ರಿಂದ 2010ರವರೆಗೆ ಸಾಮಾನ್ಯ ಖಾತೆಯಿಂದ ಹತ್ತು ನಿಮಿಷಕ್ಕಿಂತ ಉದ್ದದ ವಿಡಿಯೊ ಹಾಕಲು ಬರುತ್ತಿರಲಿಲ್ಲ, 2010ರ ಜುಲೈನಲ್ಲಿ ಅದು ಹದಿನೈದಕ್ಕೆ ಏರಿತು. ಆ ಕಾಲದ ಯಕ್ಷಗಾನ ಪ್ರಸಂಗ, ಹರಿಕಥೆಗಳು ‘ಭಾಗ 1’, ‘ಭಾಗ 2’ ಎಂದು ಹತ್ತಾರು ತುಂಡಾಗಿರುವುದು ಅದಕ್ಕೇ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಲು ಪರದೆ ಮೇಲೆ ಒತ್ತುವ ಚೌಕಗಳನ್ನು ಆಗ ಅಂಟಿಸುತ್ತಿದ್ದರು. ಆ ಚೌಕಗಳನ್ನು ಯೂಟ್ಯೂಬ್ 2019ರ ಜನವರಿಯಲ್ಲಿ ಪೂರ್ತಿ ತೆಗೆದುಹಾಕಿತು. ಭಾಗ 3 ನೋಡಿದವರಿಗೆ ಭಾಗ 4 ಎಲ್ಲಿದೆಯೆಂದು ಈಗ ತಿಳಿಯುವುದಿಲ್ಲ. ಪ್ರಸಂಗಕ್ಕೊಂದು ಪ್ಲೇಲಿಸ್ಟ್ ಮಾಡಿ, ತುಂಡುಗಳನ್ನು ಕ್ರಮವಾಗಿ ಜೋಡಿಸಿ. ಮೂಲ ಟೇಪ್ ಇದ್ದರೆ ಇಡಿಯಾಗಿ ಒಮ್ಮೆ ಹಾಕಬಹುದು. ಫೋನ್ ನಂಬರಿನಿಂದ ದೃಢೀಕರಿಸಿದ ಖಾತೆಗೆ ಈಗ 12 ಗಂಟೆಯವರೆಗೆ ಅವಕಾಶವಿದೆ, ರಾತ್ರಿಯಿಡೀ ಆಟವೂ ಹಿಡಿಸುತ್ತದೆ. ಆದರೆ ಹಳೆಯ ತುಂಡುಗಳನ್ನು ಅಳಿಸಬೇಡಿ, ಅವುಗಳ ಕೆಳಗೆ ಜನ ಬರೆದ ಮಾತುಗಳಿವೆ.

ಸ್ಟುಡಿಯೋದ ವಿಡಿಯೊ ಪಟ್ಟಿಯಲ್ಲಿ ‘ಪ್ರೈವೇಟ್’ ಎಂದಿರುವವನ್ನೂ ಒಮ್ಮೆ ಸೋಸಿ ನೋಡಿ. ಲಿಂಕ್ ಇದ್ದವರಿಗೆ ಮಾತ್ರ ಕಾಣಲೆಂದು ‘ಅನ್‌ಲಿಸ್ಟೆಡ್’ ಮಾಡಿಟ್ಟ, 2017ಕ್ಕಿಂತ ಮೊದಲಿನ ವಿಡಿಯೊಗಳನ್ನು ಯೂಟ್ಯೂಬ್ 2021ರ ಜುಲೈನಲ್ಲಿ, ಮಾಲೀಕರು ಬೇಡವೆನ್ನದ ಹೊರತು, ತಾನೇ ಪ್ರೈವೇಟ್ ಮಾಡಿತು. ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವದ ವಿಡಿಯೊಗಳ ಲಿಂಕು ‘ಇದ್ದಕ್ಕಿದ್ದಂತೆ ಸತ್ತುಹೋಯಿತು’ ಎಂದು ನೆಂಟರು ದೂರಿದ್ದರೆ ಕಾರಣ ಇದೇ ಇರಬಹುದು. ವಿಡಿಯೊ ಹೋಗಿಲ್ಲ, ನಿಮ್ಮ ಚಾನೆಲ್ಲಿನಲ್ಲೇ ಇದೆ. ವಿಸಿಬಿಲಿಟಿ ಎಂಬ ಕಡೆ ‘ಪಬ್ಲಿಕ್’ ಎಂದು ಬದಲಿಸಿದರೆ ಅದೇ ಹಳೆಯ ಲಿಂಕಿನಲ್ಲಿ ಮತ್ತೆ ತೆರೆಯುತ್ತದೆ. ಎಲ್ಲರಿಗೂ ಕಾಣುವುದು ಬೇಡದಿದ್ದರೆ, ಇಳಿಸಿಕೊಂಡ ಪ್ರತಿಯನ್ನು ಹೊಸದಾಗಿ ಅನ್‌ಲಿಸ್ಟೆಡ್ ಆಗಿ ಹಾಕಿ, ಹೊಸ ಲಿಂಕನ್ನು ಬೇಕಾದವರಿಗೆ ಕಳಿಸಿ.